ಸಿಗ್ನಲ್‌ಗೂ ಒಂದು ಬೀಗ: ಆಟಿಕೆ ರೈಲಿಗೆ ಲಿವರ್ ಇಂಟರ್‌ಲಾಕಿಂಗ್

ಬೊಕ್ಕಾಪುರಂ: ನಮ್ಮೂರಿಗೆ ರೈಲಿಲ್ಲ. ರೈಲು ನೋಡಬೇಕೆಂದರೆ ಕಲ್ಹಟ್ಟಿ ಘಾಟಿ ಹತ್ತಿ ಊಟಿಗೆ ಹೋಗಬೇಕು. ಮೆಟ್ಟುಪಾಳಯಂನಿಂದ ಕೂನೂರಿನ ತನಕ 1899ರಲ್ಲಿ ಓಡಿದ ಬೆಟ್ಟದ ರೈಲು 1908ರಲ್ಲಿ ಊಟಿ ಮುಟ್ಟಿತು. ಆದರೆ ಆಟಿಕೆ ರೈಲು ಕಟ್ಟುವ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ರೈಲು ಓಡಿಸುವುದರ ಜೊತೆಗೆ, ಅದು ತಪ್ಪು ಹಳಿಗೆ ಹೋಗದಂತೆ ತಡೆಯುವುದನ್ನೂ ಅವರು ಕಲಿಯಬಹುದು.

ಇಂಟರ್‌ಲಾಕಿಂಗ್ ಎಂದರೇನು?

ಹಳಿ ಕವಲೊಡೆಯುವ ಜಾಗವೇ ಪಾಯಿಂಟ್. ಪಾಯಿಂಟ್ ಒಂದು ಕಡೆ ತಿರುಗಿದ್ದು ಸಿಗ್ನಲ್ ಇನ್ನೊಂದು ಹಳಿಗೆ ಒಪ್ಪಿಗೆ ಕೊಟ್ಟರೆ ಅನಾಹುತ ತಪ್ಪದು. ಹಾಗಾಗದಂತೆ ಲಿವರ್‌ಗಳು ಒಂದನ್ನೊಂದು ಹಿಡಿದಿಡುವ ಏರ್ಪಾಡಿಗೆ ಇಂಟರ್‌ಲಾಕಿಂಗ್ ಎನ್ನುತ್ತಾರೆ. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಮೊದಲು ಪಟ್ಟಿ ಬರೆಯಿರಿ

ಒಂದು ಮುಖ್ಯ ಹಳಿ, ಒಂದು ಲೂಪ್ ಹಳಿ ಇರುವ ಸಣ್ಣ ನಿಲ್ದಾಣ ಸಾಕು. ಲಿವರ್‌ಗಳು ಮೂರು:

1. ಮುಖ್ಯ ಹಳಿಯ ಸಿಗ್ನಲ್
2. ಪಾಯಿಂಟ್ (ಎಳೆದರೆ ಲೂಪ್ ಕಡೆಗೆ)
3. ಲೂಪ್ ಹಳಿಯ ಸಿಗ್ನಲ್

ನಿಯಮ ಎರಡೇ. 2 ಎಳೆಯದಿದ್ದಾಗ ಮಾತ್ರ 1 ಬರಬೇಕು. 2 ಎಳೆದಾಗ ಮಾತ್ರ 3 ಬರಬೇಕು. ಸಿಗ್ನಲ್ ಕೊಟ್ಟ ಮೇಲೆ ಪಾಯಿಂಟ್ ಅಲುಗಬಾರದು. 1 ಮತ್ತು 3 ಒಟ್ಟಿಗೆ ಬರದಂತೆ ಬೇರೆ ಬೀಗ ಬೇಕಿಲ್ಲ, ಈ ಎರಡು ನಿಯಮಗಳೇ ಅದನ್ನು ತಡೆಯುತ್ತವೆ.

ಮಾಡುವ ವಿಧಾನ

ಪ್ರತಿ ಲಿವರ್‌ಗೆ ಒಂದು ಉದ್ದ ಪಟ್ಟಿ ಜೋಡಿಸಿ. ಎಳೆದಾಗ ಅದು 20 ಮಿ.ಮೀ. ಮುಂದೆ ಸರಿಯಲಿ. ಪಟ್ಟಿಗಳ ನಡುವೆ 30 ಮಿ.ಮೀ. ಅಂತರ ಬಿಡಿ. ಅಂಚಿನಲ್ಲಿ 5 ಮಿ.ಮೀ. ಆಳದ, ಇಳಿಜಾರಾದ ಕಚ್ಚು ಕೊರೆಯಿರಿ. ಎರಡು ಪಟ್ಟಿಗಳ ನಡುವೆ, ತುದಿ ಚೂಪಾದ 35 ಮಿ.ಮೀ. ಅಡ್ಡಕಡ್ಡಿ ಇಡಿ. ಅದು ಅಡ್ಡಕ್ಕೆ ಮಾತ್ರ ಸರಿಯುವಂತೆ ಎರಡೂ ಬದಿಗೆ ಆಸರೆ ಕೊಡಿ.

ಕಡ್ಡಿ ಅಂತರಕ್ಕಿಂತ 5 ಮಿ.ಮೀ. ಉದ್ದ ಇರುವುದರಲ್ಲೇ ಗುಟ್ಟಿದೆ. ಅದರ ಒಂದು ತುದಿ ಯಾವುದಾದರೂ ಪಟ್ಟಿಯ ಕಚ್ಚಿನೊಳಗೆ ಇರಲೇಬೇಕು. 1 ಎಳೆದರೆ ಕಡ್ಡಿ 2ರ ಕಚ್ಚಿಗೆ ನುಗ್ಗಿ ಪಾಯಿಂಟನ್ನು ಹಿಡಿಯುತ್ತದೆ. 2 ಮೊದಲೇ ಎಳೆದಿದ್ದರೆ ಕಡ್ಡಿಗೆ ಹೋಗಲು ಜಾಗವಿಲ್ಲ, 1 ಅಲುಗದು. 3ರ ಕಡೆಗಿರುವ ಕಚ್ಚನ್ನು ಪಟ್ಟಿ 2ರಲ್ಲಿ 20 ಮಿ.ಮೀ. ಹಿಂದೆ ಕೊರೆಯಿರಿ. 2 ಎಳೆದಾಗ ಮಾತ್ರ ಅದು ಕಡ್ಡಿಯ ಎದುರಿಗೆ ಬರುತ್ತದೆ.

ಪರೀಕ್ಷೆ ಮರೆಯಬೇಡಿ

ಮೂರು ಲಿವರ್‌ಗಳಿಗೆ 8 ಜೋಡಣೆಗಳುಂಟು. ಸರಿಯಾದವು ನಾಲ್ಕು: ಯಾವುದೂ ಎಳೆಯದ್ದು, 1 ಮಾತ್ರ, 2 ಮಾತ್ರ, 2 ಮತ್ತು 3. ಉಳಿದ ನಾಲ್ಕನ್ನೂ ಜೋರಾಗಿ ಎಳೆದು ನೋಡಿ. ಅವು ಬರಲೇಬಾರದು.

ಆಟಿಕೆಗೆ ಇಷ್ಟು ಪರೀಕ್ಷೆ ಯಾಕೆ ಎನ್ನಬೇಡಿ. 2023ರ ಫೆಬ್ರವರಿ 8ರಂದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ರೈಲಿಗೆ ಸಿಗ್ನಲ್ ಸಿಕ್ಕಿತ್ತು, ಪಾಯಿಂಟ್ ಮಾತ್ರ ತಪ್ಪು ಹಳಿಗೆ ತಿರುಗಿತ್ತು. ಚಾಲಕ ಗಮನಿಸಿ ನಿಲ್ಲಿಸಿದ್ದರಿಂದ ಅಪಾಯ ತಪ್ಪಿತು. ಅದೇ ವರ್ಷ ಜೂನ್ 2ರಂದು ಒಡಿಶಾದ ಬಾಲೇಶ್ವರ ಬಳಿ ಚೆನ್ನೈಗೆ ಬರುತ್ತಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಹಳಿಗೆ ನುಗ್ಗಿ ನಿಂತಿದ್ದ ಗೂಡ್ಸ್ ರೈಲಿಗೆ ಬಡಿಯಿತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಸರ್ಕ್ಯೂಟ್ ಬದಲಿಸುವಾಗ ಆದ ಲೋಪವೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು.

ಲಿವರ್ ಹೋಗಿ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದರೂ ನಿಯಮ ಹಳೆಯದೇ. ನಿಮ್ಮ ಮಾದರಿಯಲ್ಲಿ ಒಂದು ಕಚ್ಚು ತಿದ್ದಿದರೂ ಎಂಟೂ ಜೋಡಣೆಗಳನ್ನು ಮತ್ತೆ ಎಳೆದು ನೋಡಿ.