ಎಂಆರ್‌ಪಿ ಮೇಲೆ ಹತ್ತಿಪ್ಪತ್ತು ರೂಪಾಯಿ ಯಾಕೆ? ತಾಲೂಕು ಊರಿನ ಸಣ್ಣ ಬಾರ್‌ಗಳ ಲೆಕ್ಕ

ಕೊಲ್ಹಾರ: ಗಡಿಗಿ ಮೊಸರಿಗೆ ಹೆಸರಾದ, ಕೃಷ್ಣಾ ಹಿನ್ನೀರಿನ ದಂಡೆಯ ಊರು ಇದು. ಇಂಥ ಊರುಗಳಲ್ಲಿ ಸಣ್ಣ ಬಾರ್ ಅಂದ್ರೆ ಎಸಿ, ಬಣ್ಣದ ಲೈಟ್ ಇರೋ ಜಾಗ ಅಲ್ಲ. ನಾಲ್ಕಾರು ಟೇಬಲ್, ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಯಾನ್, ಪ್ಲೇಟಿನಲ್ಲಿ ಖಾರಾ ಶೇಂಗಾ. ದಗದ ಮುಗಿಸಿದ ಗೌಂಡಿ, ಲೋಡ್ ಇಳಿಸಿ ಬಂದ ಹಮಾಲ, ಹೊಲದಿಂದ ಬಂದ ರೈತ ಒಂದೇ ಟೇಬಲ್‌ಗೆ ಕೂಡ್ತಾರೆ. ಮಳೆ, ಕಬ್ಬಿನ ಬಿಲ್, ಕಾಲುವೆ ನೀರು ಇವೇ ಮಾತು. ಸುಮ್ಮನೆ ಕೂತರೂ ಯಾಕಂತ ಯಾರೂ ಕೇಳೋದಿಲ್ಲ.

ವೈನ್‌ಶಾಪ್ ಬೇರೆ, ಬಾರ್ ಬೇರೆ

ವೈನ್‌ಶಾಪ್‌ಗೆ ಇರೋದು ಸಿಎಲ್-2 ಲೈಸೆನ್ಸ್. ಅಲ್ಲಿ ಎಂಆರ್‌ಪಿ ದರಕ್ಕೆ ಮಾರಬೇಕು, ಅಲ್ಲೇ ಕುಡಿಯೋ ಹಾಗಿಲ್ಲ. ಎಂಎಸ್‌ಐಎಲ್ ಮಳಿಗೆಗೂ ಇದೇ ನಿಯಮ. ಬಾರ್‌ಗೆ ಇರೋದು ಸಿಎಲ್-9. ಅಲ್ಲಿ ಕೂತು ಕುಡಿಯಬಹುದು, ದರ ಎಂಆರ್‌ಪಿಗಿಂತ ಹೆಚ್ಚಿರುತ್ತದೆ. ಹೆಚ್ಚಿಗೆ ಕೊಡೋ ಆ ರೊಕ್ಕ ಒಂದು ರೀತಿ ಕುರ್ಚಿ, ನೀರು, ನೆರಳಿನ ಬಾಡಿಗೆ. ಈ ಎರಡೂ ಬಗೆಯ ಹೊಸ ಲೈಸೆನ್ಸ್ ಕೊಡೋದನ್ನು ಸರ್ಕಾರ 1992ರಲ್ಲೇ ನಿಲ್ಲಿಸಿತ್ತು. ಹಾಗಾಗಿ ಹಳೇ ಲೈಸೆನ್ಸ್‌ಗಳಿಗೆ ಬೇಡಿಕೆ ಜಾಸ್ತಿ.

ಸಾರಾಯಿ ಹೋಯಿತು, ಕ್ವಾರ್ಟರ್ ಬಂತು

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಪಾಕೀಟು ಸಾರಾಯಿ ಕುಡಿಯುತ್ತಿದ್ದ ಕೂಲಿಕಾರರು ಕಡಿಮೆ ದರದ ವಿಸ್ಕಿ, ರಮ್ ಕಡೆ ಬಂದರು. 180 ಎಂಎಲ್ ಕ್ವಾರ್ಟರ್, 90 ಎಂಎಲ್ ಪ್ಯಾಕೆಟ್ ಇವರ ಅಳತೆ. 2023ರ ಜುಲೈ ಬಜೆಟ್‌ನಲ್ಲಿ ಸರ್ಕಾರ ಮದ್ಯದ 18 ಸ್ಲ್ಯಾಬ್‌ಗಳಿಗೂ ಹೆಚ್ಚುವರಿ ಅಬಕಾರಿ ಸುಂಕ ಶೇ 20 ಏರಿಸಿತು. ಬಿಯರ್ ಮೇಲಿನ ಸುಂಕ ಶೇ 175ರಿಂದ 185ಕ್ಕೆ ಹೋಯಿತು. ದರ ಏರಿದಾಗ ಬಡವ ಮೊದಲು ಬಿಡೋದು ಕುಡಿತ ಅಲ್ಲ, ಕುರ್ಚಿ. ವೈನ್‌ಶಾಪ್‌ನಲ್ಲಿ ಪಾರ್ಸೆಲ್ ತಗೊಂಡು ಹೊಲದ ಬದು, ಹೊಳಿ ದಂಡಿ ಹಿಡಿಯುತ್ತಾನೆ. ಅಲ್ಲಿ 'ಸಾಕು ಬಿಡೋ, ಮನಿಗೆ ನಡಿ' ಅನ್ನೋ ಸಪ್ಲೈಯರ್ ಇಲ್ಲ, ಬಾಗಿಲು ಹಾಕೋ ಟೈಮೂ ಇಲ್ಲ. ಒಡೆದ ಬಾಟ್ಲಿ ಮಾತ್ರ ಉಳೀತದ.

ಮನೆಯ ಲೆಕ್ಕ

ಬಾರ್ ಎಷ್ಟೇ ಸಣ್ಣದಿದ್ದರೂ ಮನೆಗೆ ಬೀಳೋ ಹೊರೆ ಸಣ್ಣದಲ್ಲ. ದಿನಕ್ಕೆ 150 ರೂ. ಅಂತ ಹಿಡಿದರೂ ತಿಂಗಳಿಗೆ 4,500 ರೂ. ಆಯಿತು. ಅದು ಮನೆಯ ರೇಷನ್, ಮಕ್ಕಳ ಫೀಸಿನ ರೊಕ್ಕ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದ ಹಳ್ಳಿ ಹೆಣ್ಣುಮಕ್ಕಳು ಕೇಳಿದ್ದು ಇದೇ ಲೆಕ್ಕ. ಕೂತು ನಾಲ್ಕು ಮಾತಾಡೋಕೆ ಗಂಡಸರಿಗೆ ಒಂದು ಜಾಗ ಬೇಕು ಅನ್ನೋದು ಖರೆ. ಅದರ ಬಾಡಿಗೆ ಹೆಂಡತಿ ಕೂಲಿಯಿಂದ ಹೋಗಬಾರದು ಅನ್ನೋದೂ ಅಷ್ಟೇ ಖರೆ.

ಗೊತ್ತಿರಲಿ

* ವಿಜಯಪುರ-ಹುಬ್ಬಳ್ಳಿ ರಾಷ್ಟ್ರೀಯ ಹೆದ್ದಾರಿ 52 ಕೊಲ್ಹಾರದ ಮೇಲೇ ಹಾಯ್ದಿದೆ. ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕರೆ 10,000 ರೂ.ವರೆಗೆ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.
* ವೈನ್‌ಶಾಪ್‌, ಎಂಎಸ್‌ಐಎಲ್‌ನಲ್ಲಿ ಎಂಆರ್‌ಪಿ ಮೀರಿ ಕೇಳಿದರೆ ಅಬಕಾರಿ ಇಲಾಖೆಗೆ ದೂರು ಕೊಡಬಹುದು.
* ಕುಡಿತ ಬಿಡಬೇಕು ಅನ್ನೋರಿಗೆ, ಅವರ ಮನೆಯವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ: 14446.