ಭದ್ರಾವತಿಯ ಇದ್ದಿಲು ಹೇಳುವ ಲೆಕ್ಕ

ಹೊರನಾಡಿನಲ್ಲಿ ಕನ್ನಡಿಗರ ಕೂಟ ಎಲ್ಲೇ ಸೇರಲಿ, ಭದ್ರಾವತಿಯ ಕಡೆಯವರು ಒಬ್ಬಿಬ್ಬರಾದರೂ ಸಿಕ್ಕೇ ಸಿಗುತ್ತಾರೆ. ‘ನಮ್ಮ ತಂದೆಯವರು ಐರನ್ ವರ್ಕ್ಸ್‌ನಲ್ಲಿದ್ದರು’ ಎನ್ನುವಾಗ ಅವರ ದನಿಯಲ್ಲಿ ಒಂದು ಹೆಮ್ಮೆ ಇರುತ್ತದೆ. ಆ ಹೆಮ್ಮೆ ಸುಮ್ಮನೆ ಬಂದುದಲ್ಲ. ಕಲ್ಲಿದ್ದಲನ್ನು ಸುಡದೆ ಕಬ್ಬಿಣ ತೆಗೆಯುವುದು ಹೇಗೆ ಎಂದು ಇಂದು ಇಡೀ ಜಗತ್ತಿನ ಉಕ್ಕಿನ ಉದ್ಯಮ ತಲೆ ಕೆಡಿಸಿಕೊಂಡಿದೆ. ಇದೇ ಪ್ರಶ್ನೆಯನ್ನು ಮೈಸೂರು ಸಂಸ್ಥಾನ ನೂರು ವರ್ಷಗಳ ಹಿಂದೆಯೇ ಎದುರಿಸಿತ್ತು. ಕಾರಣ ಮಾತ್ರ ಬೇರೆಯಾಗಿತ್ತು.

ಮೊದಲು ಸ್ವಲ್ಪ ರಸಾಯನಶಾಸ್ತ್ರ. ಕಾಲೇಜಿನಲ್ಲಿ ಓದಿದ್ದನ್ನು ಕಚೇರಿಯ ಕಡತಗಳ ನಡುವೆ ಮರೆತಿರುವ ನಮ್ಮಂಥವರಿಗೂ ಇಷ್ಟು ನೆನಪಿರುತ್ತದೆ. ಕಬ್ಬಿಣದ ಅದಿರೆಂದರೆ ಕಬ್ಬಿಣ ಮತ್ತು ಆಮ್ಲಜನಕ ಕೂಡಿದ ವಸ್ತು. ಶುದ್ಧ ಹೆಮಟೈಟ್‌ನ ತೂಕದಲ್ಲಿ ನೂರಕ್ಕೆ 30 ಪಾಲು ಆಮ್ಲಜನಕವೇ. ಅದನ್ನು ಕಬ್ಬಿಣದಿಂದ ಕಿತ್ತುಕೊಳ್ಳಲು ಕುಲುಮೆಗೆ ಇಂಗಾಲವನ್ನು ಹಾಕಬೇಕು. ಇಂಗಾಲವು ಆಮ್ಲಜನಕದೊಡನೆ ಸೇರಿ, ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಬೀಳುತ್ತದೆ. ಅಂದರೆ ಇಲ್ಲಿ ಇಂಗಾಲಕ್ಕೆ ಎರಡು ಕೆಲಸ: ಕುಲುಮೆಯನ್ನು ಕಾಯಿಸುವುದು ಒಂದು, ಅದಿರಿನ ಆಮ್ಲಜನಕವನ್ನು ಕೀಳುವುದು ಇನ್ನೊಂದು. ಈ ಎರಡನೆಯ ಕೆಲಸವಿರುವುದರಿಂದಲೇ ಉಕ್ಕಿನ ಕಾರ್ಖಾನೆಯ ಹೊಗೆ ಕಡಿಮೆ ಮಾಡುವುದು ಇಷ್ಟೊಂದು ಕಷ್ಟ.

ಮೈಸೂರಿನ ಸಮಸ್ಯೆ ಹೊಗೆಯದಲ್ಲ, ದೂರದ್ದು. ಬಾಬಾಬುಡನ್‌ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು. ಕಲ್ಲಿದ್ದಲಿನ ಗಣಿಗಳಿದ್ದುದು ಮಾತ್ರ ದೂರದ ಬಂಗಾಳ-ಬಿಹಾರಗಳಲ್ಲಿ. ಆದರೆ ಶಿವಮೊಗ್ಗ, ಕಡೂರು ಕಡೆ ದಟ್ಟವಾದ ಕಾಡಿತ್ತು. ಆದ್ದರಿಂದ ಮರವನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದಲೇ ಅದಿರನ್ನು ಕರಗಿಸುವ ಯೋಜನೆ ಸಿದ್ಧವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಇದಕ್ಕೆ ಅಡಿಪಾಯ ಬಿತ್ತು. ಆಗ ಬೆಂಕಿಪುರವೆಂಬ ಹೆಸರಿದ್ದ ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು 1929ರವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದು, ನಷ್ಟದ ದಿನಗಳಲ್ಲಿ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದುದರಿಂದ ಅದರ ಆವಿಯೂ ವ್ಯರ್ಥವಾಗಲಿಲ್ಲ. ಮೀಥೈಲ್ ಆಲ್ಕೋಹಾಲು, ಟಾರು ಮುಂತಾದವು ಅದರಿಂದ ದೊರೆತವು. ಒಂದು ಉದ್ಯಮದ ಕಸ ಇನ್ನೊಂದಕ್ಕೆ ಕಸುಬಾಗಬೇಕೆಂಬ ಇಂದಿನ ಮಾತನ್ನು ಅಲ್ಲಿ ಅಂದೇ ಮಾಡಿ ತೋರಿಸಿದ್ದರು.

ಹಾಗಾದರೆ ಅದನ್ನು ಹಸಿರು ಕಬ್ಬಿಣ ಎನ್ನಬಹುದೇ? ಇಲ್ಲಿ ನಾವು ಅವಸರಪಡಬಾರದು. ಮರ ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವನ್ನೇ ಇದ್ದಿಲು ಮರಳಿಸುತ್ತದೆ, ನಿಜ. ಆದರೆ ಕಡಿದಷ್ಟು ಮರ ಮತ್ತೆ ಬೆಳೆದರೆ ಮಾತ್ರ ಈ ಜಮಾ-ಖರ್ಚು ಸರಿಹೋಗುತ್ತದೆ. ಮಲೆನಾಡಿನ ಕಾಡು ಬೆಳೆಯಲು ನೂರಾರು ವರ್ಷ ಬೇಕಾಯಿತು. ಕುಲುಮೆಯ ಹಸಿವು ದಿನನಿತ್ಯದ್ದು. ಬ್ರೆಜಿಲ್ ದೇಶದಲ್ಲಿ ಈಗಲೂ ನೀಲಗಿರಿ ಮರದ ತೋಪುಗಳನ್ನು ಬೆಳೆಸಿ ಇದ್ದಿಲಿನಿಂದ ಕಬ್ಬಿಣ ಮಾಡುತ್ತಾರೆ. ಅಲ್ಲಿಯೂ ಪ್ರಶ್ನೆ ಇದೇ: ತೋಪಿನ ಮರವೋ, ಕಾಡಿನ ಮರವೋ?

ಭದ್ರಾವತಿಯ ಎರಡನೆಯ ಅಧ್ಯಾಯ ಇನ್ನೂ ಸ್ವಾರಸ್ಯವಾದುದು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. 1952ರಲ್ಲಿ ಕಾರ್ಖಾನೆಗೆ ಬೀಡು ಕಬ್ಬಿಣದ ವಿದ್ಯುತ್ ಕುಲುಮೆಗಳು ಬಂದವು. ಕಾಯಿಸುವ ಕೆಲಸವನ್ನು ಶರಾವತಿಯ ನೀರು ವಹಿಸಿಕೊಂಡಿತು. ಆಮ್ಲಜನಕ ಕೀಳುವಷ್ಟಕ್ಕೆ ಮಾತ್ರ ಇಂಗಾಲ ಉಳಿಯಿತು. ನಾವು ಮೇಲೆ ಹೇಳಿದ ಎರಡು ಕೆಲಸಗಳಲ್ಲಿ ಒಂದರಿಂದ ಇಂಗಾಲಕ್ಕೆ ಬಿಡುಗಡೆ ಸಿಕ್ಕಂತಾಯಿತು.

ಇನ್ನೊಂದು ಕೆಲಸದಿಂದಲೂ ಬಿಡಿಸುವ ಪ್ರಯತ್ನ ಈಗ ನಡೆದಿದೆ. ಸ್ವೀಡನ್ನಿನ ಲೂಲಿಯೊ ಪಟ್ಟಣದಲ್ಲಿ ಇಂಗಾಲದ ಬದಲು ಜಲಜನಕದಿಂದ ಅದಿರಿನ ಆಮ್ಲಜನಕವನ್ನು ಕಿತ್ತು, 2021ರಲ್ಲಿ ಕಬ್ಬಿಣ ಮಾಡಿ ತೋರಿಸಿದರು. ಅಲ್ಲಿ ಹೊರಬರುವುದು ನೀರಿನ ಆವಿ. ಒಂದು ಟನ್ ಕಬ್ಬಿಣಕ್ಕೆ ಸುಮಾರು 55 ಕಿಲೋ ಜಲಜನಕ ಬೇಕು. ಅದನ್ನು ನೀರಿನಿಂದ ಒಡೆದು ತೆಗೆಯಲು ವಿದ್ಯುತ್ತು ಹೇರಳವಾಗಿ ಬೇಕು. ಆ ವಿದ್ಯುತ್ತನ್ನು ಕಲ್ಲಿದ್ದಲಿನಿಂದಲೇ ತೆಗೆದರೆ, ಹೊಗೆ ಒಂದು ಚಿಮಣಿಯಿಂದ ಇನ್ನೊಂದು ಚಿಮಣಿಗೆ ಬದಲಾಯಿತು, ಅಷ್ಟೆ.

ನಮ್ಮ ದೇಶದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯವು 2.2 ಟನ್ನಿಗಿಂತ ಕಡಿಮೆಯಿದ್ದರೆ ಮಾತ್ರ ‘ಹಸಿರು ಉಕ್ಕು’ ಎಂದು ಗೊತ್ತುಪಡಿಸಿತು. ಇದನ್ನು ಮುಟ್ಟಲು ಜಲಜನಕಕ್ಕಾಗಿ ಕಾದು ಕೂರಬೇಕಾಗಿಲ್ಲ. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಬಹುದು. ಅದರಲ್ಲಿ ಕೀಳಬೇಕಾದ ಆಮ್ಲಜನಕವೇ ಹೆಚ್ಚಿಲ್ಲ. ಊದುಕುಲುಮೆಯಿಂದ ಹೊರಹೋಗುವ ಅನಿಲದ ಒತ್ತಡದಿಂದ ವಿದ್ಯುತ್ತು ತೆಗೆಯಬಹುದು. ಕಿಟ್ಟವನ್ನು ಸಿಮೆಂಟಿಗೆ ಬೆರೆಸಿದರೆ ಸಿಮೆಂಟ್ ಕಾರ್ಖಾನೆಯ ಹೊಗೆಯೂ ಇಳಿಯುತ್ತದೆ. ಇವೆಲ್ಲ ಬಲ್ಲ ವಿದ್ಯೆಗಳೇ. ಬೇಕಾದುದು ಬಂಡವಾಳ ಮತ್ತು ಮನಸ್ಸು.

ಭದ್ರಾವತಿಯ ಗತಿ ಏನಾಯಿತು? ಇದ್ದಿಲಿನ ಜಾಗಕ್ಕೆ ಮುಂದೆ ಕೋಕ್ ಬಂತು. ನೂರು ವರ್ಷ ತುಂಬಿದ 2023ರ ಆರಂಭದಲ್ಲೇ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಕೆಲಸ ಭಾಗಶಃ ಮತ್ತೆ ಆರಂಭವಾಯಿತು. ಅದನ್ನು ಕುಗ್ಗಿಸಿದ್ದು ಹೊಗೆಯ ಚಿಂತೆಯಲ್ಲ, ನಷ್ಟದ ಲೆಕ್ಕ. ಆದರೆ ಒಂದು ಕಾರ್ಖಾನೆ ಸೊರಗಿದರೆ ಊರೇ ಸೊರಗುತ್ತದೆಂಬುದನ್ನು ಆ ಊರು ಬಿಟ್ಟು ಬಂದ ನಮ್ಮ ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಲ್ಲಿದ್ದಲನ್ನು ನಂಬಿದ ಊರುಗಳು ನಮ್ಮ ದೇಶದಲ್ಲಿ ಹತ್ತಾರಿವೆ. 2070ರ ಹೊತ್ತಿಗೆ ನಿವ್ವಳ ಹೊಗೆಯನ್ನು ಸೊನ್ನೆಗೆ ಇಳಿಸುವುದಾಗಿ ಭಾರತ 2021ರಲ್ಲಿ ಮಾತು ಕೊಟ್ಟಿದೆ. ಆ ಮಾತು ನಡೆಯಲೇಬೇಕು. ಹಾಗೆ ನಡೆಸುವಾಗ ಚಿಮಣಿಯಿಂದ ಹೊರಬಿದ್ದ ಹೊಗೆಯನ್ನಷ್ಟೇ ಅಳೆದರೆ ಸಾಲದು. ಕಡಿದ ಕಾಡನ್ನೂ ಕೆಲಸ ಕಳೆದುಕೊಂಡವರ ಮನೆಗಳನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಮರ, ನೀರು, ಕೋಕು ಮೂರನ್ನೂ ಕಂಡ ಭದ್ರಾವತಿಗಿಂತ ಇದಕ್ಕೆ ಬೇರೆ ಸಾಕ್ಷಿ ಬೇಕೆ?