ಆನ್‌ಲೈನ್ ಡೇಟಾ ಸೈನ್ಸ್ ಕೋರ್ಸ್: ಐಐಟಿ ಮದ್ರಾಸ್ ಡಿಗ್ರಿ ಒಳಗೆ ಏನೇನಿದೆ? ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಪಿಯುಸಿ ರಿಸಲ್ಟ್ ಬಂದ ವಾರದಿಂದಲೇ ಫೋನ್ ಶುರುವಾಗುತ್ತದೆ. ‘ಸರ್, ನಿಮ್ಮ ಮಗನಿಗೆ ಡೇಟಾ ಸೈನ್ಸ್ ಸೀಟು ಇದೆ, ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟ್, ದುಡ್ಡಿಲ್ಲ ಅಂದ್ರೆ ಇಎಂಐ ಮಾಡಿಸಿ ಕೊಡ್ತೀವಿ.’ ಅಂಗಡಿ ಗಲ್ಲಾ ಮೇಲೆ ಕೂತವರಿಗೆ ಇದನ್ನು ಪೂರ್ತಿ ಕೇಳೋಕೂ ಪುರುಸೊತ್ತಿರಲ್ಲ, ಇಲ್ಲ ಅನ್ನೋಕೂ ಧೈರ್ಯ ಸಾಲಲ್ಲ. ಮಗನ ಭವಿಷ್ಯ ಅಲ್ವಾ.

ಹಾಗಾದರೆ ಸರಿಯಾದ ಆನ್‌ಲೈನ್ ಡೇಟಾ ಸೈನ್ಸ್ ಕೋರ್ಸ್ ಅಂದ್ರೆ ಹೇಗಿರುತ್ತೆ? ಐಐಟಿ ಮದ್ರಾಸ್ ನಡೆಸುವ ಡಿಗ್ರಿಯನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ. ಇದನ್ನು ಒಮ್ಮೆ ತಿಳ್ಕೊಂಡರೆ ಫೋನ್ ಮಾಡುವವರಿಗೆ ಏನು ಪ್ರಶ್ನೆ ಕೇಳಬೇಕು ಅನ್ನೋದು ನಿಮಗೇ ಗೊತ್ತಾಗುತ್ತೆ.

ಯಾರು ಸೇರಬಹುದು?

ಚೆನ್ನೈನ ಐಐಟಿ ಮದ್ರಾಸ್ 2020ರಲ್ಲಿ ಈ ಡಿಗ್ರಿ ಶುರು ಮಾಡಿತು. ಈಗ ಇದರ ಹೆಸರು ಬಿಎಸ್ ಇನ್ ಡೇಟಾ ಸೈನ್ಸ್ ಅಂಡ್ ಅಪ್ಲಿಕೇಶನ್ಸ್. ಪಿಯುಸಿ ಪಾಸಾಗಿರಬೇಕು. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಆಗುತ್ತೆ, ಆದರೆ ಹತ್ತನೇ ಕ್ಲಾಸಿನಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ವಯಸ್ಸಿನ ಮಿತಿ ಇಲ್ಲ. ಜೆಇಇ ಬರೆದಿರಲೇಬೇಕು ಅಂತಿಲ್ಲ. ಬಿಕಾಂ, ಬಿಎಸ್ಸಿ ಓದುತ್ತಾ ಜೊತೆಗೇ ಇದನ್ನೂ ಮಾಡಬಹುದು. ಏಕಕಾಲಕ್ಕೆ ಎರಡು ಡಿಗ್ರಿ ಓದಲು ಯುಜಿಸಿ 2022ರಲ್ಲಿ ಅನುಮತಿ ಕೊಟ್ಟಿದೆ. ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವರಿಗೂ ಬಾಗಿಲು ತೆರೆದಿದೆ.

ಸೀಟು ಇಷ್ಟೇ ಅನ್ನೋ ಲೆಕ್ಕವೇ ಇಲ್ಲ. ಅರ್ಹತಾ ಪರೀಕ್ಷೆಯಲ್ಲಿ ನಿಗದಿತ ಅಂಕ ಬಂದವರಿಗೆಲ್ಲ ಪ್ರವೇಶ. ಹಾಗಾಗಿ ಈ ಕೋರ್ಸಿನ ಹೆಸರು ಹೇಳಿ ಯಾರಾದರೂ ‘ಸೀಟು ಖಾಲಿ ಆಗ್ತಾ ಇದೆ’ ಅಂದರೆ ಫೋನ್ ಇಡಿ.

ಮೊದಲು ನಾಲ್ಕು ವಾರ ಓದು, ಆಮೇಲೆ ಪರೀಕ್ಷೆ

ಅರ್ಜಿ ಹಾಕಿದ ತಕ್ಷಣ ವಿದ್ಯಾರ್ಥಿ ಆಗಲ್ಲ. ಕ್ವಾಲಿಫೈಯರ್ ಅಂತ ಒಂದು ಹಂತ ಇದೆ. ನಾಲ್ಕು ವಾರ ವಿಡಿಯೋ ಪಾಠ ಕೊಡ್ತಾರೆ. ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯುಟೇಷನಲ್ ಥಿಂಕಿಂಗ್ ಮತ್ತು ಇಂಗ್ಲಿಷ್ ಹೀಗೆ ನಾಲ್ಕು ವಿಷಯ. ಪ್ರತಿ ವಾರ ಅಸೈನ್‌ಮೆಂಟ್. ಅದರಲ್ಲಿ ಸಾಕಷ್ಟು ಅಂಕ ಬಂದರೆ ಮಾತ್ರ ಪರೀಕ್ಷಾ ಕೇಂದ್ರಕ್ಕೆ ಹೋಗಿ ಕ್ವಾಲಿಫೈಯರ್ ಪರೀಕ್ಷೆ ಬರೆಯಬಹುದು. ಸಾಮಾನ್ಯ ವರ್ಗದವರಿಗೆ ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 40, ಸರಾಸರಿ ಶೇ. 50 ಬೇಕು. ಒಬಿಸಿ, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಇದಕ್ಕಿಂತ ಕಡಿಮೆ.

ಪಾಠ ಮೊದಲು, ಅದೇ ಪಾಠದ ಮೇಲೆ ಪರೀಕ್ಷೆ ಆಮೇಲೆ. ನನಗೆ ಈ ಇಡೀ ಕೋರ್ಸಿನಲ್ಲಿ ಹಿಡಿಸಿದ ಸಂಗತಿ ಇದೇ. ಹುಡುಗನಿಗೆ ಇದು ಆಗುತ್ತಾ ಇಲ್ವಾ ಅನ್ನೋದು ಅರ್ಜಿ ಶುಲ್ಕದಲ್ಲೇ ಗೊತ್ತಾಗಿಬಿಡುತ್ತೆ, ಲಕ್ಷ ಕಟ್ಟಿದ ಮೇಲಲ್ಲ.

ಮೆಟ್ಟಿಲು ಮೆಟ್ಟಿಲಾಗಿ

ಪಾಸಾದವರಿಗೆ ಮೊದಲು ಫೌಂಡೇಶನ್. ಎಂಟು ಕೋರ್ಸ್, 32 ಕ್ರೆಡಿಟ್: ಗಣಿತ ಎರಡು, ಸಂಖ್ಯಾಶಾಸ್ತ್ರ ಎರಡು, ಇಂಗ್ಲಿಷ್ ಎರಡು, ಕಂಪ್ಯುಟೇಷನಲ್ ಥಿಂಕಿಂಗ್ ಮತ್ತು ಪೈಥಾನ್. ಜಾಹೀರಾತಿನಲ್ಲಿ ಕಾಣುವ ಎಐ, ಮಷೀನ್ ಲರ್ನಿಂಗ್ ಇಲ್ಲಿ ಇಲ್ಲವೇ ಇಲ್ಲ. ಬಹಳ ಹುಡುಗರು ಬೇಸರ ಪಡೋದೂ ಇಲ್ಲೇ.

ಆದರೆ ಈ ಅಡಿಪಾಯ ಯಾಕೆ ಬೇಕು ಅನ್ನೋದಕ್ಕೆ ಅಂಗಡಿಯದೇ ಒಂದು ಲೆಕ್ಕ ನೋಡಿ. ಒಂದು ಕಿರಾಣಿ ಅಂಗಡಿಯಲ್ಲಿ ವಾರಕ್ಕೆ 140 ಕೆಜಿ ಸಕ್ಕರೆ ಹೋಗುತ್ತೆ ಅಂದ್ಕೊಳ್ಳಿ. ಸರಾಸರಿ ದಿನಕ್ಕೆ 20 ಕೆಜಿ. ಆದರೆ ನಿಜದಲ್ಲಿ ಸಂತೆ ದಿನ 62 ಕೆಜಿ, ಉಳಿದ ಆರು ದಿನ ತಲಾ 13 ಕೆಜಿ. 20 ಕೆಜಿ ಹೋದ ದಿನ ಒಂದೂ ಇಲ್ಲ! ಸರಾಸರಿ ನಂಬಿ ದಿನಕ್ಕೆ 20 ಕೆಜಿ ಪ್ಯಾಕ್ ಮಾಡಿಟ್ಟರೆ ಆರು ದಿನ ಮಿಕ್ಕುತ್ತೆ, ಸಂತೆ ದಿನ ಸಾಲಲ್ಲ. ಸರಾಸರಿ ಯಾವಾಗ ದಾರಿ ತಪ್ಪಿಸುತ್ತೆ, ಆಗ ಯಾವ ಲೆಕ್ಕ ಹಿಡೀಬೇಕು ಅನ್ನೋದು ಸಂಖ್ಯಾಶಾಸ್ತ್ರದ ಮೊದಲ ಪಾಠಗಳಲ್ಲೇ ಬರುತ್ತೆ. ಇದು ಗೊತ್ತಿಲ್ಲದೆ ದೊಡ್ಡ ಸಾಫ್ಟ್‌ವೇರ್ ಒತ್ತಲು ಕಲಿತರೆ ಕಂಪ್ಯೂಟರ್ ತಪ್ಪು ಉತ್ತರವನ್ನೇ ಚೆಂದವಾಗಿ ಕೊಡುತ್ತೆ ಅಷ್ಟೇ.

ಫೌಂಡೇಶನ್ ಮೇಲೆ ಎರಡು ಡಿಪ್ಲೊಮಾ. ಒಂದು ಪ್ರೋಗ್ರಾಮಿಂಗ್, ಇನ್ನೊಂದು ಡೇಟಾ ಸೈನ್ಸ್. ತಲಾ 27 ಕ್ರೆಡಿಟ್. ಡೇಟಾಬೇಸ್, ಆ್ಯಪ್ ತಯಾರಿ, ಜಾವಾ ಮೊದಲನೆಯದರಲ್ಲಿ. ಮಷೀನ್ ಲರ್ನಿಂಗ್, ಬಿಸಿನೆಸ್ ಅನಾಲಿಟಿಕ್ಸ್ ಎರಡನೆಯದರಲ್ಲಿ. ಎರಡೂ ಮುಗಿಸಿ ಮುಂದೆ ಹೋದರೆ ಒಟ್ಟು 114 ಕ್ರೆಡಿಟ್‌ಗೆ ಬಿಎಸ್ಸಿ, 142ಕ್ಕೆ ಬಿಎಸ್. ಒಟ್ಟು ಎಂಟು ವರ್ಷದ ಅವಕಾಶ.

ಮಧ್ಯದಲ್ಲಿ ಬಿಟ್ಟರೆ? ಫೌಂಡೇಶನ್ ಮುಗಿಸಿದ್ದರೆ ಅದರ ಸರ್ಟಿಫಿಕೇಟ್, ಡಿಪ್ಲೊಮಾ ಮುಗಿಸಿದ್ದರೆ ಡಿಪ್ಲೊಮಾ ಸಿಗುತ್ತೆ. ಓದಿದ್ದು ನೀರಿಗೆ ಹೋಗಲ್ಲ.

ಮನೆಯಲ್ಲಿ ಪಾಠ, ಕೇಂದ್ರದಲ್ಲಿ ಪರೀಕ್ಷೆ

ವರ್ಷಕ್ಕೆ ಮೂರು ಟರ್ಮ್: ಜನವರಿ, ಮೇ, ಸೆಪ್ಟೆಂಬರ್. ಒಂದೊಂದರಲ್ಲಿ 12 ವಾರ ಪಾಠ, ವಾರ ವಾರ ಅಸೈನ್‌ಮೆಂಟ್, ನಡುವೆ ಕ್ವಿಜ್‌ಗಳು, ಕೊನೆಗೆ ಟರ್ಮ್ ಪರೀಕ್ಷೆ. ಕ್ವಿಜ್ ಮತ್ತು ಕೊನೆಯ ಪರೀಕ್ಷೆಗೆ ನಿಗದಿತ ಕೇಂದ್ರಕ್ಕೇ ಹೋಗಬೇಕು. ಅಂದರೆ ಟರ್ಮಿಗೆ ಎರಡು ಮೂರು ಸಲ ಬಸ್ ಚಾರ್ಜು, ದೂರ ಆದರೆ ಹಿಂದಿನ ರಾತ್ರಿ ರೂಮು. ತಾಲೂಕಿನವರು ಈ ಖರ್ಚನ್ನೂ ಫೀಸಿನ ಜೊತೆ ಸೇರಿಸ್ಕೊಂಡು ಲೆಕ್ಕ ಹಾಕಬೇಕು. ಆದರೆ ಸರ್ಟಿಫಿಕೇಟ್‌ಗೆ ಬೆಲೆ ಬರೋದೂ ಇದರಿಂದಲೇ. ಮನೆಯಲ್ಲಿ ಮೊಬೈಲ್ ನೋಡ್ಕೊಂಡು ಬರೆದ ಪರೀಕ್ಷೆಯನ್ನು ಕೆಲಸ ಕೊಡುವವರು ಅಷ್ಟಾಗಿ ನಂಬಲ್ಲ.

ಟೈಮ್ ವಿಷಯ ಇನ್ನೂ ಮುಖ್ಯ. ಒಂದು ಕೋರ್ಸಿಗೆ ವಾರಕ್ಕೆ ಸುಮಾರು 10 ಗಂಟೆ ಬೇಕು ಅಂತ ಸಂಸ್ಥೆಯೇ ಹೇಳುತ್ತೆ. ಟರ್ಮಿಗೆ ನಾಲ್ಕು ಕೋರ್ಸ್ ತಗೊಂಡರೆ ವಾರಕ್ಕೆ 40 ಗಂಟೆ, ಅದೊಂದು ನೌಕರಿಯಷ್ಟೇ ಕೆಲಸ. ಅಂಗಡಿಯಲ್ಲಿ ಕೂತು, ಕಾಲೇಜಿಗೂ ಹೋಗಿ ಓದೋರು ಎರಡೇ ಕೋರ್ಸ್ ತಗೊಳ್ಳೋದು ಒಳ್ಳೇದು. ‘ದಿನಕ್ಕೆ ಒಂದು ಗಂಟೆ ಸಾಕು, ಆರು ತಿಂಗಳಲ್ಲಿ ಡೇಟಾ ಸೈಂಟಿಸ್ಟ್’ ಅನ್ನೋ ಮಾತನ್ನು ಇದರ ಪಕ್ಕ ಇಟ್ಟು ನೋಡಿ. ದಿನಕ್ಕೆ ಒಂದು ಗಂಟೆಯಂತೆ ಆರು ತಿಂಗಳಿಗೆ 180 ಗಂಟೆ ಆಗುತ್ತೆ. ಇಲ್ಲಿ ಒಂದೇ ಕೋರ್ಸಿನ 12 ವಾರಕ್ಕೆ 120 ಗಂಟೆ ಹೋಗುತ್ತೆ, ಫೌಂಡೇಶನ್‌ನಲ್ಲೇ ಅಂಥ ಎಂಟು ಕೋರ್ಸ್.

ಪಾಠ ಇಂಗ್ಲಿಷ್‌ನಲ್ಲಿ. ಕನ್ನಡ ಮೀಡಿಯಂ ಮಕ್ಕಳಿಗೆ ಮೊದಲ ಟರ್ಮ್ ಕಷ್ಟ ಆಗೇ ಆಗುತ್ತೆ. ವಿಡಿಯೋ ನಿಲ್ಲಿಸಿ, ಹಿಂದೆ ಹೋಗಿ ಎಷ್ಟು ಸಲ ಬೇಕಾದರೂ ಕೇಳಬಹುದು ಅನ್ನೋದೊಂದೇ ಸಮಾಧಾನ.

ಹುಡುಗರು ನಿಮ್ಮ ಅಂಗಡಿಗೂ ಬರಬಹುದು

ಡೇಟಾ ಸೈನ್ಸ್ ಡಿಪ್ಲೊಮಾದಲ್ಲಿ ಬಿಸಿನೆಸ್ ಡೇಟಾ ಮ್ಯಾನೇಜ್‌ಮೆಂಟ್ ಅಂತ ಒಂದು ಪ್ರಾಜೆಕ್ಟ್ ಇದೆ. ವಿದ್ಯಾರ್ಥಿ ಯಾವುದಾದರೂ ನಿಜವಾದ ವ್ಯಾಪಾರದ ಹತ್ತಿರ ಹೋಗಿ ಲೆಕ್ಕ ತಗೊಂಡು, ಅಲ್ಲಿನ ಸಮಸ್ಯೆ ಗುರುತಿಸಿ, ಅಂಕಿಗಳಿಂದ ಪರಿಹಾರ ಹೇಳಬೇಕು. ಕಿರಾಣಿ, ಮೆಡಿಕಲ್, ಬೇಕರಿ, ಗೊಬ್ಬರದ ಅಂಗಡಿ ಯಾವುದಾದರೂ ನಡೆಯುತ್ತೆ.

ನಿಮಗೇನು ಲಾಭ ಅಂತೀರಾ? 400 ಐಟಂ ಇರುವ ಅಂಗಡಿಯಲ್ಲಿ ಯಾವ ಐಟಂ ಎಷ್ಟು ವ್ಯಾಪಾರ ತರುತ್ತೆ ಅಂತ ಮೇಲಿಂದ ಕೆಳಗೆ ಸಾಲಾಗಿ ಜೋಡಿಸಿದರೆ, ಮೇಲಿನ ಕೆಲವೇ ಹತ್ತಾರು ಐಟಂಗಳು ದೊಡ್ಡ ಪಾಲು ತರುತ್ತಿರೋದು ಬಹಳ ಕಡೆ ಕಾಣುತ್ತೆ. ಕೆಳಗಿನ ಸಾಲು ಧೂಳು ತಿನ್ನುತ್ತಾ ನಿಮ್ಮ ದುಡ್ಡನ್ನು ಕಟ್ಟಿಹಾಕಿರುತ್ತೆ. ಬಾಯಿಲೆಕ್ಕದಲ್ಲಿ ಇದು ನಿಮಗೂ ಗೊತ್ತು, ಆದರೆ ಯಾವ್ಯಾವ ಐಟಂ ಅಂತ ಹೆಸರು ಹಿಡಿದು ಹೇಳೋಕೆ ಬರೆದಿಟ್ಟ ಲೆಕ್ಕ ಬೇಕು. ಹುಡುಗರು ಬಂದರೆ ಹಾಗೇ ವಾಪಸ್ ಕಳಿಸಬೇಡಿ. ಕಾಲೇಜಿನ ಐಡಿ ನೋಡಿ, ಎರಡು ಮೂರು ತಿಂಗಳ ಮಾರಾಟದ ಲೆಕ್ಕ ಕೊಡಿ, ಮುಗಿದ ಮೇಲೆ ರಿಪೋರ್ಟಿನ ಒಂದು ಕಾಪಿ ಕೇಳಿ ಇಸ್ಕೊಳ್ಳಿ. ಗಿರಾಕಿಗಳ ಹೆಸರು, ಫೋನ್ ನಂಬರ್, ಉದ್ರಿ ಪುಸ್ತಕ ಕೊಡಬೇಡಿ, ಮಾರಾಟದ ಲೆಕ್ಕಕ್ಕೆ ಅದರ ಅಗತ್ಯ ಇಲ್ಲ.

ದುಡ್ಡು ಕಟ್ಟುವ ರೀತಿ

ಇಲ್ಲಿ ಪೂರ್ತಿ ಡಿಗ್ರಿಯ ಫೀಸು ಒಮ್ಮೆಲೇ ಕಟ್ಟುವಂತಿಲ್ಲ. ಆ ಟರ್ಮಿಗೆ ಎಷ್ಟು ಕೋರ್ಸ್ ತಗೊಂಡಿದ್ದೀರೋ ಅಷ್ಟಕ್ಕೆ ಮಾತ್ರ. ಎಸ್‌ಸಿ, ಎಸ್‌ಟಿ, ಅಂಗವಿಕಲರು ಮತ್ತು ಕಡಿಮೆ ಆದಾಯದ ಮನೆಯವರಿಗೆ ಶೇ. 75ರವರೆಗೂ ರಿಯಾಯಿತಿ ಇದೆ, ಜಾತಿ ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಕೊಳ್ಳಿ. ಕೆಲಸ ಹುಡುಕಲು ಸಹಾಯ ಮಾಡ್ತಾರೆ, ಕೆಲಸ ಗ್ಯಾರಂಟಿ ಅಂತ ಹೇಳಲ್ಲ.

ಕೆಲವು ಖಾಸಗಿ ಕೋರ್ಸುಗಳಲ್ಲಿ ಇದು ಉಲ್ಟಾ. ಇಎಂಐ ಅಂದರೆ ಬಹಳ ಸಲ ಫೈನಾನ್ಸ್ ಕಂಪನಿಯ ಸಾಲ. ಆ ಕಂಪನಿ ಪೂರ್ತಿ ಹಣವನ್ನು ಕೋರ್ಸ್ ನಡೆಸುವವರಿಗೆ ಕೊಟ್ಟುಬಿಡುತ್ತೆ, ಮಗ ಎರಡನೇ ತಿಂಗಳಿಗೆ ಓದು ಬಿಟ್ಟರೂ ಕಂತು ನಿಲ್ಲಲ್ಲ. ಆನ್‌ಲೈನ್ ಶಿಕ್ಷಣ ಕಂಪನಿಗಳ ಬಗ್ಗೆ ಎಚ್ಚರ ಇರಲಿ, ಖಾತೆಯಿಂದ ತಾನಾಗೇ ಹಣ ಕಡಿತ ಆಗುವ ವ್ಯವಸ್ಥೆಗೆ ಒಪ್ಪಬೇಡಿ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಸೂಚನೆ ಹೊರಡಿಸಿದೆ. ಫೋನ್ ಬಂದಾಗ ಕೇಳಬೇಕಾದ್ದು ಇಷ್ಟು: ಸರ್ಟಿಫಿಕೇಟ್ ಮೇಲೆ ಯಾವ ಸಂಸ್ಥೆಯ ಹೆಸರು ಇರುತ್ತೆ, ಪರೀಕ್ಷೆ ಎಲ್ಲಿ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸ್, ಸಾಲ ಯಾರ ಹೆಸರಲ್ಲಿ. ಉತ್ತರ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ಅನ್ನಿ. ಓಟಿಪಿ ಮಾತ್ರ ಹೇಳಬೇಡಿ, ಓಟಿಪಿ ಕೊಟ್ಟರೆ ಸಾಲಕ್ಕೆ ಸಹಿ ಹಾಕಿದಂತೆ ಆಗಬಹುದು.

ಇಷ್ಟೆಲ್ಲ ಬೇಡ, ಮೊದಲು ರುಚಿ ನೋಡಬೇಕು ಅನ್ನೋರಿಗೆ ಎನ್‌ಪಿಟೆಲ್ ಇದೆ. ‘ಪೈಥಾನ್ ಫಾರ್ ಡೇಟಾ ಸೈನ್ಸ್’ ಅಂತ ನಾಲ್ಕು ವಾರದ ಕೋರ್ಸ್, ಸೇರಲು ಪುಕ್ಕಟೆ, ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆ ಫೀಸು ಕಟ್ಟಿ ಕೇಂದ್ರದಲ್ಲಿ ಬರೆಯಬೇಕು. ಈಗಾಗಲೇ ಖಾಸಗಿ ಕೋರ್ಸಿಗೆ ದುಡ್ಡು ಕಟ್ಟಿ ವಾಪಸ್ ಸಿಗದೆ ಒದ್ದಾಡ್ತಿರೋರು ರಸೀದಿ, ಮೆಸೇಜ್, ಸಾಲದ ಕಾಗದ ಎಲ್ಲ ಜೋಡಿಸ್ಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.